ವೈರ್ ಇಲ್ಲದ ಮುಳ್ಳು

ನಾನು ಗಾಡಿಗಳ ಎಲೆಕ್ಟ್ರಿಷಿಯನ್. ದೆವ್ವಗಿವ್ವ ನಂಬುವ ಜಾತಿಯವನಲ್ಲ. ಆದದ್ದನ್ನಷ್ಟೇ ಹೇಳುತ್ತೇನೆ.

ನನ್ನ ಹಳೇ ಜೀಪಿನ ಮೀಟರಿನಲ್ಲಿ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೇ ಕುಣಿಯುತ್ತಿದ್ದವು. ಹಾಗಾದರೆ ಎರಡಕ್ಕೂ ಒಂದೇ ಆದ ಅರ್ತಿಂಗ್ ಸಡಿಲ ಅಂತಲೇ ಲೆಕ್ಕ. ಪರೀಕ್ಷೆಗೆಂದು ಇಂಜಿನ್ನಿನ ಕಡೆಯ ಟೆಂಪರೇಚರ್ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿದೆ. ಅರ್ತಿಂಗನ್ನು ಉಜ್ಜಿ ಬಿಗಿ ಮಾಡಿದೆ. ಕುಣಿತ ನಿಂತಿತು.

ಮಧ್ಯಾಹ್ನ ಅಕ್ಕನನ್ನೂ ಅವಳ ಕೂಸನ್ನೂ ಕೂರಿಸಿಕೊಂಡು ಹೊರಟೆ. ಬೆಟ್ಟದ ಇಳಿಜಾರು ಇನ್ನೇನು ಶುರುವಾಗಬೇಕು, ಮೀಟರಿನ ಗಾಜನ್ನು ಒಳಗಿನಿಂದ ಯಾರೋ ಉಗುರಿನಲ್ಲಿ ತಟ್ಟಿದ ಹಾಗಾಯಿತು. ಮೂರು ಸಲ. ಟೆಂಪರೇಚರ್ ಮುಳ್ಳು ನಿಧಾನಕ್ಕೆ ಕೆಂಪಿಗೆ ಏರಿತು. ಗಾಜು ಮುಟ್ಟಿದೆ. ಆ ಉರಿಬಿಸಿಲಲ್ಲೂ ಮಂಜುಗಡ್ಡೆಯ ಹಾಗಿತ್ತು.

ಗಾಡಿ ನಿಲ್ಲಿಸಿದೆ.

"ಅಕ್ಕನ ಮಾತು ಒಂದು ದಿನಾನೂ ಕೇಳಿದವನಲ್ಲ, ಮೀಟರ್ ಮಾತು ಕೇಳ್ತಾನೆ! ಏನೂ ಆಗಿರಲ್ಲ, ನಡಿಯೋ," ಎಂದಳು ಅಕ್ಕ.

ಬಾನೆಟ್ ಎತ್ತಿದೆ. ಇಂಜಿನ್ ಅಂಥಾ ಬಿಸಿಯೇನೂ ಆಗಿರಲಿಲ್ಲ. ಆದರೆ ಬ್ರೇಕ್ ಪೈಪ್ ಬಿರುಕು ಬಿಟ್ಟು ಎಣ್ಣೆ ಸೋರುತ್ತಿತ್ತು. ಪೆಡಲ್ ಇನ್ನೊಮ್ಮೆ ಒತ್ತಿ ನೋಡಿದೆ, ನೆಲಕ್ಕೇ ಹೋಗಿ ಕೂತಿತು. ಮುಂದೆ ಮೂರು ಮೈಲಿ ಇಳಿಜಾರು. ಪಕ್ಕದಲ್ಲೇ, ನಾನು ಮರಳಿ ಜೋಡಿಸಲು ಮರೆತಿದ್ದ ಟೆಂಪರೇಚರ್ ವೈರ್ ನೇತಾಡುತ್ತಿತ್ತು. ತುದಿಯ ಟೇಪೂ ಹಾಗೇ ಇತ್ತು. ಅದಿಲ್ಲದೆ ಮುಳ್ಳು ಅಲ್ಲಾಡುವ ಹಾಗೇ ಇಲ್ಲ.

ಅಕ್ಕನನ್ನು ಕರೆದು ತೋರಿಸಿದೆ. ಅಕ್ಕ ಕೂಸನ್ನು ಅವಚಿಕೊಂಡು ಮತ್ತೆ ಗಾಡಿಯೊಳಗೆ ಬಂದು ಮೀಟರಿನ ಗಾಜನ್ನು ಮೆಲ್ಲಗೆ ಸವರಿದಳು.

"ಯಾರಾದರೂ ಆಗಿರು, ನಿನ್ನ ಹೊಟ್ಟೆ ತಣ್ಣಗಿರಲಿ."

ಬ್ರೇಕ್ ಅವತ್ತೇ ರಿಪೇರಿಯಾಯಿತು. ವೈರನ್ನು ಮಾತ್ರ ಇವತ್ತಿಗೂ ಜೋಡಿಸಿಲ್ಲ. ಮುಳ್ಳು ದಿನವೂ ಸರಿಯಾಗೇ ತೋರಿಸುತ್ತಿದೆ.