ಮಾನಪ್ಪನ ಮಾತು ಕಲಿತ ಯಂತ್ರ

ಎಂಟನೇ ತರಗತಿಯ ಗೋಡೆಯ ಯಂತ್ರದಿಂದ ದನಿ ಬಂತು. “ತಂಗೀ, ಪ್ಯಾಟ್ಯಾಗ ಹೊಲಿಗಿ ಕೆಲಸ ಐತಿ. ಊಟ, ವಸತಿ ಪುಕ್ಕಟೆ. ನಾಳೆನ ಹೋಗೋಣೇನು?”

“ಎಲ್ಲೈತಿ? ವಿಳಾಸ ಬರದು ಕೊಡು!” ಹುಡುಗಿಯರು ಒಟ್ಟಿಗೇ ಕೂಗಿದರು. ಯಂತ್ರ ಸೋತು ಸುಮ್ಮನಾಯಿತು.

2066ನೇ ಇಸವಿ, ಕುಷ್ಟಗಿ ಸೀಮೆಯ ಒಂದು ಸರಕಾರಿ ಶಾಲೆ. ಹೆಣ್ಣುಮಕ್ಕಳನ್ನು ಸಾಗಿಸಿ ಮಾರುವವರು ಹೇಗೆ ಮಾತಾಡುತ್ತಾರೆಂದು ಪಾರಾಗಿ ಬಂದವರಿಂದಲೇ ಆ ಯಂತ್ರ ಕಲಿತಿತ್ತು. ಎದುರಿಗಿದ್ದವರ ಮುಖ, ಉಸಿರು ನೋಡಿ ತಕ್ಕ ಆಸೆ ಹುಟ್ಟಿಸುತ್ತಿತ್ತು. ಲಸಿಕೆಯ ಹಾಗೆ, ರೋಗದ ತುಣುಕನ್ನೇ ಕೊಟ್ಟು ರೋಗ ತಡೆಯುವ ಉಪಾಯ. ಅದನ್ನು ಕಟ್ಟಿದ ವಿಜ್ಞಾನಿ ಫಿರ್ದೋಸ್ ಹಿಂದಿನ ಬೆಂಚಿನಲ್ಲಿದ್ದರು.

ಬಾಗಿಲಲ್ಲಿ ಬಿಸಿಯೂಟದ ಹುಲಿಗೆವ್ವ ಸೌಟು ಹಿಡಿದು ನಿಂತಿದ್ದಳು. “ಮೇಡಮ್ಮೋರ, ನಿಮ್ಮ ಪೆಟಗಿ ಭಾಳ ದಡ್ಡ ಐತ್ರಿ.”

“ಯಾಕ್ರೀ ಅಮ್ಮಾ?” ಫಿರ್ದೋಸ್ ನಕ್ಕರು.

“ಹುಡುಗಿ ಕೂಡ ಅಂವ ಯಾಕ ಮಾತಾಡ್ತಾನ್ರಿ? ಮಾನಪ್ಪ ನಮ್ಮಕ್ಕ ಯಂಕವ್ವನ ಮಾರಿ ಸೈತ ನೋಡಲಿಲ್ಲ. ಅವ್ವನ ಕೂಡ ಮಾತಾಡಿದ.”

ಹೆಣ್ಣು ಕೇಳಲು ಬಂದವನಂತೆ ಮಾನಪ್ಪ ಬಂದಿದ್ದ. ಜೊತೆಗಿದ್ದ ಹೆಂಗಸು ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿ ಯಂಕವ್ವನ ಉಡಿ ತುಂಬಿದಳು. ಉಡಿ ತುಂಬಿದವರನ್ನು ವಿಳಾಸ ಕೇಳಿದರೆ ಅವಮಾನ ಮಾಡಿದಂತೆ ಎಂದು ಅವ್ವ ಕೇಳಲಿಲ್ಲ. ಅವರ ಜೊತೆ ಹೋದ ಯಂಕವ್ವ ಮತ್ತೆ ಬರಲಿಲ್ಲ.

ಫಿರ್ದೋಸರ ನಗು ನಿಂತಿತು.

“ಅಂವ ಇನ್ನೂ ಬದುಕ್ಯಾನ್ರಿ, ಲಗ್ನ ಜೋಡಸ್ತಾನ. ಅವನ ಹೆಸರು ಪೆಟಗ್ಯಾಗ ಹಾಕ್ರಿ.”

“ಹೆಸರು ಹಾಕಾಕ ಕಾನೂನು ಬಿಡೂದಿಲ್ಲ ಅಮ್ಮಾ.”

“ಹಂಗಾರ ಮಾತು ಹಾಕ್ರಿ. ಅದನ್ನ ಯಾರು ಬ್ಯಾಡ ಅಂತಾರ?”

ಮೂರು ತಿಂಗಳು, ಅಡುಗೆ ಮುಗಿದ ಮೇಲೆ, ಹುಲಿಗೆವ್ವ ಯಂತ್ರದೆದುರು ಕೂತಳು. ನಲವತ್ತು ವರ್ಷ ಮಾನಪ್ಪನ ಒಂದು ಮಾತೂ ಮರೆತಿರಲಿಲ್ಲ. “ಇಷ್ಟು ಅವಸರ ಮಾಡಲಿಲ್ಲಲೇ ಅಂವ. ಇನ್ನೊಮ್ಮೆ ಅನ್ನು,” ಎಂದು ಯಂತ್ರವನ್ನೇ ಗದರಿದಳು. ಆಮೇಲೆ ಶನಿವಾರಗಳಲ್ಲಿ ಸುತ್ತಲಿನ ಶಾಲೆಗಳಿಗೆಲ್ಲ ತಾಯಂದಿರನ್ನು ಕರೆದು ಆ ಪಾಠ ಕೇಳಿಸಿದರು.

ಲಗ್ನದ ದಿನಗಳು ಬಂದವು. ಪಕ್ಕದ ಊರಿನ ಒಂದು ಮನೆಯಲ್ಲಿ ಮುದುಕ ಮಾನಪ್ಪ ಚಹಾ ಕುಡಿಯುತ್ತಾ ಹುಡುಗಿಯ ತಾಯಿಗೆ, “ನಿನ್ನ ಮಗಳಂದ್ರ ನಮ್ಮ ಮಗಳಲ್ಲೇನವ್ವಾ?” ಎಂದ.

ಮುಂದಿನದನ್ನು ಆ ತಾಯಿಯೇ ಹೇಳಿದಳು. “‘ವಿಳಾಸ ಕೇಳಿದ್ರ ನಂಬಿಕಿ ಇಲ್ಲಂದಂಗ ಆತು.’ ಇದ ಅಲ್ಲೇನೋ ಅಣ್ಣಾ ನೀ ಅನ್ನೂದು?”

ಓಣಿಯ ಹೆಂಗಸರು ಹೊರಗಿನಿಂದ ಚಿಲಕ ಹಾಕಿ ಪೊಲೀಸರನ್ನು ಕರೆಸಿದರು.

ಹುಲಿಗೆವ್ವ ಪೊಲೀಸ್ ಠಾಣೆಗೆ ಹೋದಳು. “ಯಂಕವ್ವ ಎಲ್ಲಿ?”

ಮಾನಪ್ಪ ನಿಜವಾಗಿಯೂ ಯೋಚಿಸಿದ. “ಯಾವ ಯಂಕವ್ವ?”

ಅವಳು ಕಂಬಿ ಹಿಡಿದಳು. “ನೀ ಮರತ್ರೂ ಚಿಂತಿಲ್ಲ. ನೀ ಸತ್ತಮ್ಯಾಲೂ ನಿನ್ನ ಮಾತು ಸಾಲ್ಯಾಗ ಇರತೈತಿ. ಕೇಳಿದಾಗೊಮ್ಮೆ ಹೆಂಗಸರು ಉಗುಳ್ತಾರ. ನಿನಗ ಮಣ್ಣಾಗೂ ನಿದ್ದಿ ಇಲ್ಲ.”

ಹೊರಗೆ ಬಂದಾಗ ಫಿರ್ದೋಸ್ ಮೆಲ್ಲಗೆ, “ಸಮಾಧಾನ ಆತೇನ್ರಿ?” ಎಂದರು.

ಹುಲಿಗೆವ್ವ ಠಾಣೆಯ ಮೆಟ್ಟಿಲ ಮೇಲೆ ಕೂತಳು.

“ಅಕ್ಕ ಹೋದ ಮರುವಾರ ಅವ್ವ ಇದ ಸಾಲಿಗೆ ಬಂದಿದ್ಲರಿ. ಯಂಕವ್ವ ಯಾಕ ಬರವಲ್ಲಳು ಅಂತ ಮಾಸ್ತರು ಕೇಳಿದ್ರು. ಲಗ್ನ ಆತ್ರಿ ಅಂದ್ಲು. ಅವರು ಹಾಜರಿ ಪುಸ್ತಕದಾಗ ಹೆಸರು ಹೊಡದು ಹಾಕಿದ್ರು. ಇಷ್ಟು ಸಣ್ಣ ಹುಡುಗೀನ ಎಲ್ಲಿ ಕೊಟ್ಟಿ, ಯಾರಿಗೆ ಕೊಟ್ಟಿ ಅಂತ ಒಂದ ಮಾತು ಕೇಳಲಿಲ್ಲ. 2026ನೇ ಇಸ್ವಿರಿ ಅದು. ಅಷ್ಟು ಕೇಳಾಕ ಯಾವ ಯಂತ್ರ ಬೇಕಿತ್ತು?”