ಡೆಲ್ಬರ್ಟನ ನಂಬರು

"ಎಂಜಿನ್ ತಗೊಂಡು ಹೋಗು, ಓಡಿಸು, ಬೇಕಾದ್ರೆ ಬಿಚ್ಚಿ ಹರಡ್ಕೋ. ಆ ನಂಬರಿಗೆ ಮಾತ್ರ ಕೈ ಹಚ್ಚಬೇಡ ಮಗಾ," ಎಂದಳು ಓರ್ಲೀನಾ ಮಲಿನ್ಸ್.

ಓಹಾಯೋದ ಆ ಕೊಟ್ಟಿಗೆಯಲ್ಲಿ ಹಳೇ ಎಣ್ಣೆ, ಇಲಿಹಿಕ್ಕೆ, ಮುಗ್ಗಿದ ಹುಲ್ಲಿನ ವಾಸನೆ. ಮುದುಕಿಯ ಬೆರಳು ಎಂಜಿನ್ನಿನ ಬಲಮಗ್ಗುಲ ಚಪ್ಪಟೆ ಪಟ್ಟಿಯ ಮೇಲಿತ್ತು. ಅಲ್ಲಿದ್ದದ್ದು ಅರವತ್ತೇಳರಲ್ಲಿ ಕಾರ್ಖಾನೆಯವರು ಹೊಡೆದ ನಂಬರು. ಈ ಎಂಜಿನ್ ಇದ್ದ ಕಾರು ಮರಕ್ಕೆ ಗುದ್ದಿ ಹೊತ್ತಿಕೊಂಡಾಗ ಅವಳ ಮಗ ಡೆಲ್ಬರ್ಟ್ ಗುರುತೇ ಸಿಗದಂತೆ ಕರಕಲಾಗಿದ್ದ. ಪೊಲೀಸರು ಈ ನಂಬರು ಹಿಡಿದೇ ಅವಳ ಬಾಗಿಲು ತಟ್ಟಿದ್ದರು.

"ನನ್ನ ಹುಡುಗನ ಗುರುತು ಅಂತ ಉಳಿದಿರೋದು ಇದೊಂದೇ. ಅವನ ಗೋರಿ ಮಣ್ಣು, ನನ್ನ ರಕ್ತ ಹಚ್ಚಿ ಕಟ್ಟು ಹಾಕಿದೀನಿ. ಇದನ್ನ ಅಳಿಸಿದವನ ಗುರುತು ಭೂಮಿ ಮೇಲೆ ಯಾರಿಗೂ ಸಿಗಲ್ಲ."

ಎಂಜಿನ್ ಕೊಳ್ಳಲು ಬಂದಿದ್ದ ರಾಸ್ ವೀಗಂಡ್ ನಕ್ಕುಬಿಟ್ಟ. "ಗ್ಯಾರೇಜಲ್ಲೇ ಬಿದ್ದಿರ್ತೀನಿ ಅಜ್ಜಿ. ನನ್ನ ಗುರುತು ನನ್ನ ಹೆಂಡ್ತಿಗೇ ಸರಿಯಾಗಿ ಸಿಗಲ್ಲ!"

ಈ ಆಸಾಮಿಯ ಹಳೇ ಕಾರಿನ ಹುಚ್ಚು ಅಂತಿಂಥದ್ದಲ್ಲ. ಯಾವ ಬೋಲ್ಟಿನ ತಲೆಯ ಮೇಲೆ ಯಾವ ಗುರುತು, ಕಾರ್ಖಾನೆಯ ಕಿತ್ತಳೆ ಬಣ್ಣ ಎಲ್ಲಿ ಸೋರಿತ್ತು, ತಪಾಸಣೆಯವನು ಹಳದಿ ಬೊಟ್ಟು ಎಲ್ಲಿಡುತ್ತಿದ್ದ, ಎಲ್ಲವೂ ಬಾಯಿಪಾಠ. ಅವನ ಕಾರೂ ಅರವತ್ತೇಳರದ್ದೇ, ಆದರೆ ಹುಟ್ಟಿದಾಗಿನ ಎಂಜಿನ್ ಕಳೆದುಹೋಗಿತ್ತು. ಹೋದ ವರ್ಷದ ಹಳೇ ಕಾರುಗಳ ಪ್ರದರ್ಶನದಲ್ಲಿ ತೀರ್ಪುಗಾರರು ಟಾರ್ಚ್ ಬಿಟ್ಟು ನೋಡಿ, ಎಂಜಿನ್ ನಂಬರು ಕಾರಿನದ್ದಕ್ಕೆ ಹೊಂದುವುದಿಲ್ಲವೆಂದು ಎಲ್ಲರೆದುರೇ ಹೊರಗೆ ಹಾಕಿದ್ದರು. ಈ ಶನಿವಾರ ಹಾಗಾಗಕೂಡದು.

ಗುರುವಾರ ಮಧ್ಯಾಹ್ನ ಗ್ಯಾರೇಜಿನ ಬಾಗಿಲೆಳೆದು ಆ ನಂಬರಿನ ಮೇಲೆ ಗ್ರೈಂಡರ್ ಹಚ್ಚಿದ. ಕಿಡಿ ಹಾರಿತು. ಜೊತೆಗೇ ಕೂದಲು ಸುಟ್ಟ ವಾಸನೆ. ಕಬ್ಬಿಣಕ್ಕೆಲ್ಲಿಯ ಕೂದಲು ಎಂದುಕೊಂಡು ಉಜ್ಜುತ್ತಲೇ ಹೋದ. ಪಟ್ಟಿ ನುಣ್ಣಗಾಯಿತು.

ಅಂಕಿ ಅಚ್ಚೊತ್ತುವ ಪಂಚು ಹಿಡಿದು ತನ್ನ ಕಾರಿನ ನಂಬರಿನ ಮೊದಲ ಅಂಕಿ ಹೊಡೆದ. ಠಣ್! ಎಂಜಿನ್ನಿನ ಹೊಟ್ಟೆಯೊಳಗಿಂದ ಯಾರೋ ತಿರುಗಿ ತಟ್ಟಿದರು. ಎರಡನೆಯದು. ಮತ್ತೆ ತಟ್ಟಿದರು. ಬಲ್ಬು ಆರಿತು. ಕತ್ತಲು. ಕುತ್ತಿಗೆಯ ಮೇಲೆ ಬಿಸಿಯುಸಿರು. ಹೊಗೆ ನಾತ. ಕೈ ನಿಲ್ಲಲೊಲ್ಲದು. ಠಣ್! ಠಣ್! ಕೊನೆಯ ಅಂಕಿ. ದೀಪ ಬಂತು.

ಅವನ ಹೆಬ್ಬೆಟ್ಟು ನುಣುಪಾಗಿತ್ತು. ಒಂದು ಗೆರೆಯೂ ಇಲ್ಲ. ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ಹೆಂಡತಿ ಲೊರೇನ್ ಒಬ್ಬಳೇ ನಗುತ್ತಿದ್ದಳು.

ಮನೆಗೆ ಓಡಿದ. ಅಡುಗೆಮನೆಯಲ್ಲಿ ಲೊರೇನ್ ಸೌಟು ಕೈಬಿಟ್ಟಳು.

"ಯಾರ್ರೀ ನೀವು? ಒಳಗ್ಯಾಕೆ ಬಂದ್ರಿ?"

"ನಾನು ಕಣೇ, ರಾಸ್!"

"ಯಾವ ರಾಸ್? ಹೋಗ್ರೀ ಆಚೆ! ಪೊಲೀಸ್ ಕರೀತೀನಿ!"

ಹನ್ನೊಂದು ವರ್ಷ ಜೊತೆಗೆ ಬಾಳಿದವಳು ಫೋನಿನತ್ತ ಓಡಿದಳು, ಅವನಿಗೇ ಹೆದರಿ.

ಅಲ್ಲಿಂದ ಓರ್ಲೀನಾಳ ಮನೆಗೆ ಓಡಿದ. ಅವಳಿಗೂ ಅವನು ಯಾರೆಂದು ತಿಳಿಯಲಿಲ್ಲ. ಆದರೆ ಆ ಹೆಬ್ಬೆಟ್ಟು ನೋಡಿ ಮೆಟ್ಟಿಲ ಮೇಲೆ ಕುಸಿದಳು. "ಅಳಿಸಿಬಿಟ್ಟೆಯಾ?"

"ತಪ್ಪಾಯ್ತು ಅಜ್ಜಿ. ನನ್ನ ಲೊರೇನ್ ನನಗೆ ಬೇಕು. ಏನಾದ್ರೂ ದಾರಿ ಹೇಳು!"

"ಹಳೇ ನಂಬರು ಇದ್ದ ಹಾಗೇ ಮತ್ತೆ ಹೊಡಿ. ಎಲ್ಲಾ ವಾಪಸ್ ಬರುತ್ತೆ."

ಅವನಿಗೆ ಹೋದ ಜೀವ ಬಂದಂತಾಯಿತು. "ಈಗಲೇ ಹೊಡೀತೀನಿ! ನಂಬರು ಹೇಳು."

"ನನಗೆಲ್ಲಿ ಓದಕ್ಕೆ ಬರುತ್ತೆ ಮಗಾ? ದಿನಾ ಬೆರಳಲ್ಲಿ ಸವರ್ತಿದ್ದೆ, ಅಷ್ಟೇ. ಪೊಲೀಸರ ಕಾಗದ ಇಪ್ಪತ್ತು ವರ್ಷದಲ್ಲಿ ಗೆದ್ದಲು ತಿಂತು. ನೀನು ನೋಡಿರಬೇಕಲ್ಲ?"

ಅವನು ಕಣ್ಮುಚ್ಚಿದ. ಬೋಲ್ಟಿನ ಗುರುತು ಬಂತು. ಸೋರಿದ ಬಣ್ಣ ಬಂತು. ಹಳದಿ ಬೊಟ್ಟು ಬಂತು. ನಂಬರು ಬರಲಿಲ್ಲ. ತಾನು ಹೊಡೆಯಬೇಕಾದ ಅಂಕಿಗಳದ್ದೇ ಧ್ಯಾನದಲ್ಲಿ, ಅಳಿಸಿದ್ದನ್ನು ಅವನು ಒಮ್ಮೆಯೂ ಓದಿರಲಿಲ್ಲ.

ಮುದುಕಿ ಬಿಕ್ಕಿ ಬಿಕ್ಕಿ ಅತ್ತಳು. "ನಿನ್ನ ಹೆಂಡ್ತಿ ಪುಣ್ಯವಂತೆ. ಏನು ಕಳ್ಕೊಂಡೆ ಅಂತಾನೇ ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು." ಅಂಗಿಯ ತೋಳಲ್ಲೇ ಮೂಗೊರೆಸಿಕೊಂಡು ಕೇಳಿದಳು, "ನಿನ್ನ ಹೆಸರೇನಪ್ಪಾ?"

ಹೇಳಲು ಬಾಯಿ ತೆರೆದ. ಬೋಲ್ಟಿನ ಗುರುತು ಬಂತು, ಹಳದಿ ಬೊಟ್ಟು ಬಂತು, ಹೆಸರು ಬರಲಿಲ್ಲ.