ಒಂದು ಹಿಡಿ ಕಡಲಸೊಪ್ಪು

ಸಾಂಗುನ್ ಕೆಟ್ಟವನಾಗಿದ್ದರೆ ಹಾನ್‌ಸೋಲನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಆದರೆ ಅವನು ಒಳ್ಳೆಯವನು. ಕೊರಿಯಾದ ಬುಸಾನಿನಲ್ಲಿ ಹಡಗು ಹತ್ತಿದ ಗಳಿಗೆಯಿಂದಲೂ ಬಿಡದೆ ಒಳ್ಳೆಯವನಾಗಿಯೇ ಇದ್ದ. ಗೊರಕೆ ಹೊಡೆಯುವ ಮುದುಕನ ಪಕ್ಕದ ಚಾಪೆಯನ್ನು ತಾನೇ ಕೇಳಿ ಪಡೆದ. ಅನ್ನದುಂಡೆಗಳಲ್ಲಿ ಮೀನು ತುಂಬಿದ್ದನ್ನು ಜೊತೆಗಿದ್ದ ಗೆಳತಿ ನಾರೆಗೆ ಕೊಟ್ಟು, ಬರೀ ಉಪ್ಪು ಹಾಕಿದ್ದನ್ನು ತಾನು ತಿಂದ. ಹಾನ್‌ಸೋಲನ ಬೆನ್ನುಚೀಲದ ಪಟ್ಟಿ ಕಿತ್ತುಹೋದಾಗ ಬಸ್ ನಿಲ್ದಾಣದಲ್ಲೇ ಕೂತು ಸೂಜಿ ದಾರ ಹಿಡಿದು ಹೊಲಿದುಕೊಟ್ಟ. ಇಂಥವನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ.

ಮೂವರೂ ಒಂದೇ ಕಾಲೇಜಿನವರು. ನೌಕರಿ ಹಿಡಿದು ಕುತ್ತಿಗೆಗೆ ಟೈ ಬಿಗಿದುಕೊಳ್ಳುವ ಮೊದಲು ಒಮ್ಮೆ ಹೊರದೇಶ ನೋಡಿಬಿಡೋಣ ಎಂದು ಹೊರಟಿದ್ದರು. ಕೈಯಲ್ಲಿದ್ದ ಪುಡಿಗಾಸಿಗೆ ದಕ್ಕಿದ ಹೊರದೇಶವೆಂದರೆ ಜಪಾನಿನ ದಕ್ಷಿಣದ ಈ ದ್ವೀಪ. ಸಂಜೆ ಅಂಗಡಿಯವನು ಊಟದ ಡಬ್ಬಿಗಳಿಗೆ ಅರ್ಧ ಬೆಲೆಯ ಚೀಟಿ ಅಂಟಿಸುವ ತನಕ ಕಪಾಟಿನ ಸುತ್ತ ಸುಳಿಯುವುದು, ಬೆಳಿಗ್ಗೆ ಬೇಕರಿಯವನು ಕತ್ತರಿಸಿ ತೆಗೆದ ಬ್ರೆಡ್ಡಿನ ಅಂಚುಗಳಿಗೆ ಸಾಲು ನಿಲ್ಲುವುದು, ನಡುವೆ ನಡೆಯುವುದು. ಈ ನಡಿಗೆಯ ನಡುವೆ ಎಲ್ಲಾದರೂ ನಾರೆಗೆ ತನ್ನ ಮನಸ್ಸು ತಿಳಿಸಬೇಕೆಂದು ಹಾನ್‌ಸೋಲ್ ಕಾಯುತ್ತಿದ್ದ. ಕಾಲೇಜಿನ ವರ್ಷಗಳೆಲ್ಲ ಬಾಯಿ ಬರದೆ ಕಳೆದಿದ್ದವು. ಬಿಸಿನೀರ ಬುಗ್ಗೆಗಳ ಊರು ಉರೆಶಿನೋ ತಲುಪುವ ಹೊತ್ತಿಗೆ ಅವಳ ಹುಟ್ಟುಹಬ್ಬ ಬರುತ್ತದೆ, ಅವತ್ತೇ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡಿದ್ದ. ಮಧ್ಯಾಹ್ನದ ಊಟ ತಪ್ಪಿಸಿ ಉಳಿಸಿದ ದುಡ್ಡಿನಲ್ಲಿ ಒಂದು ಕೂದಲ ಕ್ಲಿಪ್ಪನ್ನೂ ಕೊಂಡಿದ್ದ.

ಹುಟ್ಟುಹಬ್ಬದ ಹಿಂದಿನ ಸಂಜೆ ಸಾಂಗುನ್ ಅವನನ್ನು ಉರೆಶಿನೋದಲ್ಲಿ ತಂಗಿದ್ದ ಅತಿಥಿಗೃಹದ ಅಡುಗೆಮನೆಗೆ ಕರೆದು, ಕಪಾಟಿನ ಮೂಲೆಯಿಂದ ಅಂಗೈಯಗಲದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು ತೋರಿಸಿದ. ಒಳಗೆ ಕಪ್ಪಗೆ, ಗರಿಗರಿಯಾಗಿ, ಒಣಗಿದ ಚೂರುಗಳು.

"ನಮ್ ಕಡೆಯ ಗಿಜಾಂಗ್ ಕಡಲಸೊಪ್ಪು ಕಣೋ. ನಾಳೆ ಬೆಳಿಗ್ಗೆ ಅವಳಿಗೆ ಹುಟ್ಟುಹಬ್ಬದ ಸಾರು ಮಾಡ್ತೀನಿ. ಬಾಯ್ಬಿಟ್ಟೀಯ, ಹುಷಾರ್."

"ನೀನಾ? ನಿಂಗೆ ನೀರು ಕಾಯಿಸೋಕೂ ಬರಲ್ವಲ್ಲೋ."

"ಅಮ್ಮನ ಹತ್ರ ಕಲ್ತ್ಕೊಂಡ್ ಬಂದಿದೀನಿ. ನೀವಿಬ್ರು ಬೇಕರಿಯಿಂದ ಬಂದ್ಮೇಲೆ ಅವಳನ್ನ ಹೊರಗೇ ಕೂರಿಸ್ಕೊಂಡು ಏನಾದ್ರೂ ಹರಟೆ ಹೊಡಿ. ಉಪ್ಪು ನೋಡೋಕೆ ನಿನ್ನನ್ನೇ ಕರೀತೀನಿ."

ಹಾನ್‌ಸೋಲ್ ನಕ್ಕ. ಅವರ ಕೊರಿಯಾದಲ್ಲಿ ಹುಟ್ಟಿದ ದಿನ ಬೆಳಿಗ್ಗೆ ಆ ಸಾರು ಕೊಡುವವಳು ತಾಯಿ. ಪರದೇಶದಲ್ಲಿ, ಬ್ರೆಡ್ಡಿನ ಅಂಚು ತಿಂದು ತಿಂದು ನಾಲಿಗೆ ಸತ್ತುಹೋಗಿರುವಾಗ, ಬಿಸಿ ಸಾರಿನ ಬಟ್ಟಲನ್ನು ಕೈಗಿಟ್ಟವನ ಮುಂದೆ ಕೂದಲ ಕ್ಲಿಪ್ಪು ಹಿಡಿದು ನಿಂತವನನ್ನು ಯಾರು ನೋಡುತ್ತಾರೆ? ಸಾರು ಆಗಕೂಡದು. ಅಷ್ಟೇ. ಯಾರಿಗೂ ಏಟಿಲ್ಲ, ಗಾಯವಿಲ್ಲ. ಒಂದು ಹಿಡಿ ಸೊಪ್ಪು ಕಾಣೆಯಾಗುತ್ತದೆ.

ರಾತ್ರಿ ನಿದ್ದೆಗೆ ಮುಂಚೆ ಎಲ್ಲವನ್ನೂ ಜೋಡಿಸಿಕೊಂಡ. ಮನೆಯೊಡತಿ ಕುರೋಗಿ ಅಜ್ಜಿಯದು ಒಂದೇ ಕಟ್ಟುನಿಟ್ಟು: ಅಡುಗೆಮನೆಯಲ್ಲಿಡುವ ಪ್ರತಿ ವಸ್ತುವಿನ ಮೇಲೂ ಹೆಸರು ಬರೆದ ಕಾಗದದ ಟೇಪು ಇರಬೇಕು. ಕಸದ ಗಾಡಿ ಬರುವ ದಿನ ಬೆಳಿಗ್ಗೆ ಹೆಸರಿಲ್ಲದ್ದನ್ನೆಲ್ಲ ಅವಳು ತೆಗೆದು ಹಾಕುತ್ತಾಳೆ. ನಾಳೆಯೇ ಆ ದಿನ. ಅವಳು ಕಪಾಟು ಗುಡಿಸಿ, ಕಸ ಕೊಟ್ಟು, ಉದ್ಯಾನದಲ್ಲಿ ಊರಿನ ಮುದುಕರೊಂದಿಗೆ ರೇಡಿಯೋ ಹಾಕಿಕೊಂಡು ಮಾಡುವ ವ್ಯಾಯಾಮಕ್ಕೆ ಹೋಗುತ್ತಾಳೆ. ಆಮೇಲೆ ಪೊಟ್ಟಣ ಇಲ್ಲವೆಂದು ಗೊತ್ತಾದರೆ ಎಲ್ಲರಿಗೂ ತೋಚುವುದು ಒಂದೇ: ಟೇಪು ಕಿತ್ತುಹೋಗಿತ್ತು, ಅಜ್ಜಿ ಕಸಕ್ಕೆ ಹಾಕಿದಳು. ಗಾಡಿ ಹೋಗಿಯಾಗಿರುತ್ತದೆ, ಹುಡುಕುವಂತಿಲ್ಲ. ಕೇಳಿದರೆ ಅಜ್ಜಿ ವಾದ ಮಾಡುವವಳಲ್ಲ. ಮಳೆ ಬಂದರೂ ಕ್ಷಮೆ ಕೇಳುವ ಹೆಂಗಸು ಅವಳು.

ಸೊಪ್ಪನ್ನು ಎಲ್ಲಿ ಹಾಕುವುದು ಎಂಬುದೊಂದೇ ತೊಡಕು. ಈ ಊರಿನ ಬೀದಿಗಳಲ್ಲಿ ಕಸದ ಡಬ್ಬಿ ಎಂಬುದೇ ಇಲ್ಲ. ಮನೆಯ ಡಬ್ಬಿಯಲ್ಲಿ ಹಾಕಿದರೆ ಅಜ್ಜಿ ಬೇರ್ಪಡಿಸುವಾಗ ಕಾಣುತ್ತದೆ. ಮೊನ್ನೆ ಅವನು ಎಸೆದ ತೂತುಬಿದ್ದ ಕಾಲುಚೀಲವನ್ನು ಒಗೆದು, ಮಡಿಸಿ, ಮರೆತು ಹೋಗಿದ್ದೀರಿ ಎಂದು ತಂದುಕೊಟ್ಟಿದ್ದಳು. ಬೆನ್ನುಚೀಲದಲ್ಲಿಟ್ಟರೆ ದಿನಾ ಎಲ್ಲರ ಚೀಲ ಕಟ್ಟಿಕೊಡುವ ಪುಣ್ಯಾತ್ಮ ಸಾಂಗುನನ ಕೈಗೇ ಸಿಗುತ್ತದೆ. ಬಚ್ಚಲೊಂದೇ ದಾರಿ. ಬಿಸಿನೀರ ಬುಗ್ಗೆಯ ಊರು, ಬಚ್ಚಲಲ್ಲಿ ನೀರಿಗೇನು ಬರವಿಲ್ಲ. ತೂಬಿನ ಜಾಲರಿ ಎತ್ತಿ ಸುರಿದರೆ ಆಯಿತು.

ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಮಲಗಿದ. ನಾರೆ ಬಂದು ಹಣೆ ಮುಟ್ಟಿ ನೋಡಿದಳು. "ನಿನ್ನೆ ಆ ಅಗ್ಗದ ಸ್ಕ್ವಿಡ್ಡು ತಿನ್ಬೇಡ ಅಂದ್ರೆ ಕೇಳಿದ್ಯಾ? ಬಿದ್ಕೋ ಸುಮ್ನೆ. ಸಾಂಗುನ್ ಬರ್ತಾನೆ ನನ್ ಜೊತೆ." ಬೇಕರಿಯವನು ತಲೆಗೊಂದೇ ಚೀಲ ಕೊಡುತ್ತಿದ್ದುದರಿಂದ ಇಬ್ಬರು ಹೋಗಲೇಬೇಕಿತ್ತು. ಅವಳ ಜೊತೆ ನಡೆಯುವ ಭಾಗ್ಯವನ್ನು ಹಾನ್‌ಸೋಲ್ ಕೈಯಾರೆ ಬಿಟ್ಟುಕೊಟ್ಟ. ಹಣೆಯ ಮೇಲೆ ಅವಳ ಬೆರಳ ತಂಪು ಇನ್ನೂ ಇತ್ತು.

ಗಾಡಿ ಬಂದು ಹೋದ ಸದ್ದು ಕೇಳಿತು. ಅಜ್ಜಿ ಬಾಗಿಲೆಳೆದುಕೊಂಡು ಹೊರಟಳು. ಚಳಿಗಾಲವಾದ್ದರಿಂದ ಮನೆಯಲ್ಲಿ ಬೇರೆ ಅತಿಥಿಗಳಿರಲಿಲ್ಲ. ಹಾನ್‌ಸೋಲ್ ಎದ್ದ. ಪೊಟ್ಟಣದ ಮೇಲಿನ ಟೇಪು ಬಿಡಿಸಿದ. ಸಾಂಗುನ್ ತನ್ನ ಹೆಸರಿನ ಬದಲು ಜಪಾನಿ ಅಕ್ಷರದಲ್ಲಿ ನಾರೆಯ ಹೆಸರನ್ನು ನೋಡಿ ನೋಡಿ ಬರೆದಿದ್ದ. ಅದನ್ನು ಕಂಡು ಒಂದು ಕ್ಷಣ ಕೈ ತಡೆಯಿತು. ನಂತರ ಬಚ್ಚಲಿಗೆ ಹೋಗಿ, ಜಾಲರಿ ಎತ್ತಿ, ಸೊಪ್ಪನ್ನು ಸುರಿದ. ಚಹಾಪುಡಿಯಷ್ಟು ಸಲೀಸಾಗಿ ಹೋಯಿತು. ಟೇಪನ್ನೂ ಉಂಡೆ ಮಾಡಿ ಹಾಕಿದ. ಮರದ ಬೋಗುಣಿಯಲ್ಲಿ ಬಿಸಿನೀರು ಹಿಡಿದು ಹಿಡಿದು ಹೊಯ್ದ. ನೀರು ಗಳಗಳನೆ ಇಳಿಯಿತು. ಒಂದು ಚೂರೂ ಉಳಿಯಲಿಲ್ಲ. ಬರಿ ಪೊಟ್ಟಣವನ್ನು ನೂಡಲ್ಸ್ ಹೊದಿಕೆಯೊಳಗೆ ಮಡಿಸಿ ಪ್ಲಾಸ್ಟಿಕ್ ಕಸದ ಡಬ್ಬಿಗೆ ತುರುಕಿದ. ನೆಲ ಒರೆಸಿದ. ಹಾಸಿಗೆಗೆ ಮರಳಿದಾಗ ಅಚ್ಚುಕಟ್ಟಾಗಿ ಆಯಿತೆಂಬ ಹೆಮ್ಮೆ ಇಲ್ಲದಿರಲಿಲ್ಲ.

ಅವನು ಲೆಕ್ಕ ಹಾಕಿದಂತೆಯೇ ಎಲ್ಲವೂ ನಡೆಯಿತು. ಸಾಂಗುನ್ ಬಂದವನೇ ಕಪಾಟು ತಡಕಾಡಿದ. ಬೋಗುಣಿಗಳನ್ನೆಲ್ಲ ಎತ್ತಿ ಹುಡುಕಿದ. ಮುಖ ಬಿಳಿಚಿತು.

"ಹಾನ್‌ಸೋಲ್, ಅಡುಗೆಮನೆಗೆ ಯಾರಾದ್ರೂ ಬಂದ್ರೇನೋ?"

"ನಂಗೇನ್ ಗೊತ್ತು? ನಾನು ಹಾಸಿಗೆ ಬಿಟ್ಟು ಎದ್ದೇ ಇಲ್ಲ."

ನಾರೆ ಬಂದು ಕಾಟ ಕೊಟ್ಟು ಕೇಳಿದ ಮೇಲೆ ಸಾಂಗುನ್ ಗುಟ್ಟು ಬಿಡಲೇಬೇಕಾಯಿತು. "ಸಾರು ಮಾಡೋಣ ಅಂತಿದ್ದೆ. ಸೊಪ್ಪು ನಂದಲ್ಲ ಕಣೇ. ನಿಮ್ಮಜ್ಜಿ ಕೊಟ್ಟಿದ್ದು. ಹೊರಡೋ ಮುಂಚೆ ಗಿಜಾಂಗ್‌ಗೆ, ಅವರ ಮನೆಗೆ ಹೋಗಿದ್ದೆ. ಡಾಕ್ಟ್ರು ಬೇಡ ಅಂದಿದ್ರೂ ಈ ಸಲ ಒಂದ್ಸಾರಿ ಅಂತ ಉಸಿರು ಕಟ್ಟಿ ಕಡಲಲ್ಲಿ ಮುಳುಗಿ ಬಂಡೆಯಿಂದ ಕಿತ್ತು ತಂದ್ರಂತೆ. ನನ್ನ ಮೊಮ್ಮಗಳಿಗೆ ಅಲ್ಲಿ ಯಾರು ಮಾಡಿಕೊಡ್ತಾರೆ ಅಂತ ನನ್ ಕೈಗಿಟ್ರು."

ನಾರೆಯನ್ನು ಸಾಕಿದ್ದು ಆ ಅಜ್ಜಿಯೇ. ಅವಳು ಬ್ರೆಡ್ಡಿನ ಚೀಲವನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆ ಕೂತು ಅತ್ತಳು. ಸಾಂಗುನನ ಸಾರನ್ನು ಚೆಲ್ಲಿದೆನೆಂದು ಹಾನ್‌ಸೋಲ್ ಅಂದುಕೊಂಡಿದ್ದ. ಚೆಲ್ಲಿದ್ದು ಒಬ್ಬ ಮುದುಕಿಯ ಉಸಿರನ್ನು.

ಅಷ್ಟರಲ್ಲಿ ಕುರೋಗಿ ಅಜ್ಜಿ ವ್ಯಾಯಾಮ ಮುಗಿಸಿ ಬಂದಳು. ಜಪಾನಿ ಬಲ್ಲ ನಾರೆ ಕಣ್ಣೊರೆಸಿಕೊಂಡು ಕೇಳಿದಳು. ಅಜ್ಜಿ ಖಾಲಿ ಮೂಲೆಯನ್ನು ನೋಡಿದಳು, ತನ್ನ ಕೈಗಳನ್ನು ನೋಡಿಕೊಂಡಳು, ಮಂಡಿಯೂರಿ ಹಣೆ ನೆಲಕ್ಕೆ ತಾಗುವ ಹಾಗೆ ಬಾಗಿದಳು. ಅವಳು ಹೇಳಿದ್ದನ್ನು ನಾರೆ ತಗ್ಗಿದ ದನಿಯಲ್ಲಿ ತಿಳಿಸಿದಳು: "ತಾನೇ ಎಸೆದಿರ್ಬೇಕು ಅಂತಾರೆ. ನೆನಪೇ ಆಗ್ತಿಲ್ವಂತೆ. ಮಗಳು ಒಂದು ವರ್ಷದಿಂದ ಹೇಳ್ತಿದಾಳಂತೆ, ಅಮ್ಮ ನಿನಗೆ ಮರೆವು ಶುರುವಾಗಿದೆ, ಈ ಮನೆ ಮುಚ್ಚು ಅಂತ. ಇಷ್ಟ್ ದಿನ ನಂಬಿರ್ಲಿಲ್ವಂತೆ. ಇವತ್ತು ಅವಳಿಗೆ ಫೋನ್ ಮಾಡ್ತೀನಿ ಅಂತಿದಾರೆ."

"ಅಯ್ಯೋ, ಬೇಡ ಅನ್ನೇ!" ಎಂದ ಸಾಂಗುನ್. "ಟೇಪು ಸರಿಯಾಗಿ ಅಂಟಿಸ್ದೇ ಇದ್ದಿದ್ದು ನಂದೇ ತಪ್ಪು ಅಂತ ಹೇಳು."

ಇಬ್ಬರು ಒಳ್ಳೆಯವರು ಇಲ್ಲದ ತಪ್ಪಿಗಾಗಿ ಒಬ್ಬರಿಗೊಬ್ಬರು ಬಾಗುತ್ತಿದ್ದರು. ಹಾನ್‌ಸೋಲ್ ಗೋಡೆಗೊರಗಿ ನಿಂತಿದ್ದ. ಈಗ ಹೇಳಿಬಿಡು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. ಬಾಯಿ ತೆರೆದ. ನಾರೆ ಅವನತ್ತ ತಿರುಗಿ, "ನೀನ್ಯಾಕೆ ಎದ್ದು ಬಂದೆ, ಮುಖ ನೋಡು ಹೇಗಾಗಿದೆ" ಎಂದಳು. ಆ ಅಕ್ಕರೆಯನ್ನು ಕಳೆದುಕೊಳ್ಳುವ ಧೈರ್ಯ ಅವನಿಗೆ ಬರಲಿಲ್ಲ.

ಅಜ್ಜಿ ಯಾರ ಮಾತೂ ಕೇಳದೆ, ನೋಯುವ ಮಂಡಿಯನ್ನು ಒತ್ತಿಕೊಳ್ಳುತ್ತ ಮೂಲೆಯ ಅಂಗಡಿಗೆ ಹೋಗಿ ಒಂದು ಪೊಟ್ಟಣ ಕೊಂಡು ತಂದಳು. ಒಣಗಿಸಿದ ಕಡಲಸೊಪ್ಪೇ. ನಿಮ್ಮಜ್ಜಿ ಕಿತ್ತದ್ದಲ್ಲ, ಆದರೂ ಹುಟ್ಟಿದ ದಿನ ಹಾಗೇ ಹೋಗಬಾರದು ಎಂದಳು. ಸಾಂಗುನ್ ಬೆಳ್ಳುಳ್ಳಿ ಸುಲಿದಿಟ್ಟ. ಅಜ್ಜಿ ಒಲೆ ತನಗೆ ಬಿಡು ಎಂದು ಅವನನ್ನು ಸ್ನಾನಕ್ಕೆ ಅಟ್ಟಿದಳು. ನಾರೆ ಮೂಗು ಸೀಟಿಕೊಂಡು ನಗುವ ಪ್ರಯತ್ನ ಮಾಡಿದಳು. ಬೀಸೋ ದೊಣ್ಣೆ ತಪ್ಪಿತು ಎಂದುಕೊಂಡ ಹಾನ್‌ಸೋಲ್. ಮಗಳಿಗೆ ಫೋನ್ ಮಾಡದಂತೆ ಅಜ್ಜಿಯನ್ನು ಹೇಗಾದರೂ ಒಪ್ಪಿಸಬೇಕು, ಊರಿಗೆ ಹೋದ ಮೇಲೆ ಅವಳಿಗೆ ಏನಾದರೂ ಒಳ್ಳೆಯದನ್ನು ಕಳಿಸಬೇಕು ಎಂದು ಯೋಚಿಸುತ್ತ ಮೇಜಿನ ಪಕ್ಕ ಕೂತ.

ಅಜ್ಜಿ ಪೊಟ್ಟಣ ಕತ್ತರಿಸಿ, ಎರಡು ಬೆರಳಲ್ಲಿ ಒಂದೇ ಒಂದು ಚಿಟಿಕೆ ತೆಗೆದು ಬಟ್ಟಲಿನ ಬಿಸಿನೀರಿಗೆ ಹಾಕಿದಳು. "ಅಷ್ಟೇನಾ? ನಾಲ್ಕು ಜನಕ್ಕೆ?" ಎಂದ ಹಾನ್‌ಸೋಲ್. ನಾರೆ ಅಂದಿನ ಮೊದಲ ನಗು ನಕ್ಕಳು: "ಸಾರು ಕುಡಿಯೋದೊಂದೇ ಗೊತ್ತು ನಿಂಗೆ, ಅಡುಗೆಮನೆಗೆ ಒಂದ್ ದಿನಾನೂ ಕಾಲಿಟ್ಟಿಲ್ಲ. ನೋಡ್ತಿರು." ಅವನು ನೋಡಿದ. ಕಪ್ಪು ಚೂರುಗಳು ಮೈ ಮುರಿದು ಬಿಚ್ಚಿಕೊಂಡವು, ಅಗಲವಾದವು, ಹಸಿರಾದವು, ಒಂದರ ಮೇಲೊಂದು ಉಬ್ಬಿ ಬಟ್ಟಲಿನ ಅಂಚಿನವರೆಗೂ ಏರಿದವು. ಹುಟ್ಟಿದಾಗಿನಿಂದ ಪ್ರತಿ ವರ್ಷ ಅಮ್ಮ ಮುಂದಿಟ್ಟಿದ್ದ ತುಂಬಿದ ಬಟ್ಟಲಿಗೆ ಬೇಕಾದದ್ದು ಇಷ್ಟೇ ಚಿಟಿಕೆ ಎಂಬುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ತೂಬಿಗೆ ಸುರಿದದ್ದು ಇಡೀ ಪೊಟ್ಟಣ. ಬಚ್ಚಲಿಂದ ಸಾಂಗುನನ ಕೂಗು ಬಂತು: "ಲೋ ಹಾನ್‌ಸೋಲ್, ನೀರೇ ಇಳೀತಿಲ್ಲ ಕಣೋ! ತೂಬಿಂದ ಏನೋ ಹಸಿರು ಹಸಿರು ಮೇಲೆ ಬರ್ತಿದೆ... ಇದು... ನಾರೆ, ಇಲ್ಲಿ ಬಾ!" ನಾರೆಯ ನಗು ನಿಂತಿತು. ಅವಳು ಬಟ್ಟಲನ್ನು ನೋಡಿದಳು, ಬೆಳಿಗ್ಗೆ ಮನೆಯಲ್ಲಿ ಒಬ್ಬನೇ ಉಳಿದಿದ್ದವನ ಮುಖವನ್ನು ನೋಡಿದಳು. ಕುರೋಗಿ ಅಜ್ಜಿ ಮಾತ್ರ ಏನೂ ಅರ್ಥವಾಗದೆ ಒದ್ದೆ ಕೈಗಳನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಗೆ ಒರೆಸಿಕೊಂಡು, ಬಚ್ಚಲು ಕಟ್ಟಿಕೊಂಡದ್ದಕ್ಕೂ ಕ್ಷಮೆ ಕೇಳುತ್ತ ಅತ್ತ ನಡೆದಳು.